ಪ್ರೊಬೇಷನ್‌ನಲ್ಲೇ ಹುಡುಗ ಬಿಟ್ಟು ಹೋದ, ನೋಟಿಸ್ ಪೇ ಮುರ್ಕೋಬಹುದಾ?

ಮಂಜಿನೂರು · 16 ಡಿಸೆಂಬರ್ 2025, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಗಾಳಿಬೀಡು ಕಡೆ ಹೋಗುವ ದಾರೀಲಿ ನಮ್ಮದೊಂದು ಸಣ್ಣ ರೆಸಾರ್ಟ್, ಸಿಬ್ಬಂದಿ 26 ಜನ. ಹೆಸರಿಗೆ ನಾನು ಅಕೌಂಟ್ಸ್. ಆದರೆ ಸಂಬಳದ ಪಟ್ಟಿ, ಸ್ಟೋರ್ ಲೆಕ್ಕ, ಜನರೇಟರ್‌ಗೆ ಡೀಸೆಲ್ ತರಿಸೋದು, ಎಲ್ಲಾ ನನ್ನ ತಲೆ ಮೇಲೇ.

ವಿಷಯ ಇಷ್ಟು. ಫ್ರಂಟ್ ಆಫೀಸಿಗೆ ಸೆಪ್ಟೆಂಬರ್ 15ಕ್ಕೆ ಒಬ್ಬ ಹುಡುಗ ಸೇರಿದ. ಆರು ತಿಂಗಳು ಪ್ರೊಬೇಷನ್. ಸಂಬಳ 21,000, ಅದರಲ್ಲಿ ಬೇಸಿಕ್ 15,000. ಮೊನ್ನೆ ಶುಕ್ರವಾರ, ಡಿಸೆಂಬರ್ 12ಕ್ಕೆ, ವಾಟ್ಸಾಪ್‌ನಲ್ಲಿ ರಾಜೀನಾಮೆ ಕಳಿಸಿದ. ನಿನ್ನೆ ಸೋಮವಾರ ಕೊನೇ ಡ್ಯೂಟಿ ಮಾಡಿ ಹೋದ. ಮೈಸೂರಲ್ಲಿ ಕೆಲಸ ಸಿಕ್ಕಿದೆಯಂತೆ. ಕ್ರಿಸ್‌ಮಸ್‌ಗೆ ಒಂಬತ್ತು ದಿನ ಇದೆ, 24ರಿಂದ ಜನವರಿ 1ರವರೆಗೆ ಒಂದೇ ಒಂದು ರೂಮು ಖಾಲಿ ಇಲ್ಲ.

ನಮ್ಮ ಓನರ್ ಕೆಂಡಾಮಂಡಲ. "30 ದಿನದ ನೋಟಿಸ್ ಪೇ ಮುರ್ಕೊಳ್ಳಿ, ಒಂದು ಪೈಸೆ ಕೊಡಬೇಡಿ" ಅಂತ. ನೋಟಿಸ್ ಪೇ ಅಂದರೆ ಮೊದಲೇ ತಿಳಿಸದೆ ಬಿಟ್ಟದ್ದಕ್ಕೆ ಬದಲಾಗಿ ಕಟ್ಟಬೇಕಾದ ಸಂಬಳ. ಲೆಕ್ಕ ಹಾಕಿ ನೋಡಿದೆ. ಡಿಸೆಂಬರ್ 1ರಿಂದ 15ರವರೆಗೆ ಅವನಿಗೆ ಬರಬೇಕಾದ್ದು 21,000 ಭಾಗ 31 ಗುಣಿಲೆ 15, ಅಂದರೆ 10,161. ನೋಟಿಸ್ ಪೇ 21,000. ಎಕ್ಸೆಲ್ ಶೀಟಿನ ಕೊನೇ ಕಾಲಂನಲ್ಲಿ ಕೆಂಪಕ್ಷರದಲ್ಲಿ ಮೈನಸ್ 10,839 ಅಂತ ಬಂತು. ಅಂದರೆ 15 ದಿನ ದುಡಿದವನೇ ನಮಗೆ ದುಡ್ಡು ಕೊಡಬೇಕು! ಇದನ್ನ ಪ್ರಿಂಟ್ ತೆಗೆದು ಆ ಹುಡುಗನ ಕೈಗೆ ಹೇಗೆ ಕೊಡಲಿ?

ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ 30 ದಿನ ನೋಟಿಸ್ ಅಥವಾ ಅದರ ಬದಲು ಸಂಬಳ ಅಂತ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೋಂಸ್ಟೇ ಅಂಕಲ್ · 10.41

ಮುರ್ಕೊಳ್ಳಿ ಅಂತೀನಿ ನಾನು. ಸೀಸನ್ ಮಧ್ಯೆ ಕೈಕೊಟ್ಟು ಹೋಗೋದು ಇವರಿಗೆ ಚಾಳಿ ಆಗಿಬಿಟ್ಟಿದೆ. ಕಕ್ಕಬ್ಬೆಯಲ್ಲಿ ನಮ್ಮದು ನಾಲ್ಕೇ ರೂಮಿನ ಹೋಂಸ್ಟೇ. ಹೋದ ವರ್ಷ ಅಡುಗೆಯವನು ಡಿಸೆಂಬರ್ 30ರ ರಾತ್ರಿ ಹೊರಟೇ ಬಿಟ್ಟ. ಹನ್ನೊಂದು ಜನ ಗೆಸ್ಟ್‌ಗಳಿಗೆ ನಮ್ಮ ಮನೆಯವಳೂ ನಾನೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಡುಬು ಬೇಯಿಸಿದ್ದೇವೆ. ಕಾನೂನು ಅಂದ್ರೆ ಎರಡೂ ಕಡೆಗೆ ಇರಬೇಕಲ್ವಾ ಮಾರಾಯ್ರೇ.

ಗೋಣಿಕೊಪ್ಪದ ಎಚ್‌ಆರ್ · 11.05

ಮಂಜಿನೂರು ಅವರೇ, ಒಂದು ಕೆಲಸ ಮಾಡಿ. "ಲೆಟರ್‌ನಲ್ಲಿ 30 ದಿನ ಇದೆ" ಅಂತ ನೆನಪಿನಿಂದ ಹೇಳಬೇಡಿ. ಲೆಟರ್ ತೆಗೆದು, ಪ್ರೊಬೇಷನ್ ಬಗ್ಗೆ ಇರೋ ಕಲಂ, ನೋಟಿಸ್ ಬಗ್ಗೆ ಇರೋ ಕಲಂ, ಎರಡನ್ನೂ ಇದ್ದ ಹಾಗೇ ಇಲ್ಲಿ ಟೈಪ್ ಮಾಡಿ. ಹದಿನಾಲ್ಕು ವರ್ಷ ಬೆಂಗಳೂರಲ್ಲಿ ಇದೇ ಕೆಲಸ ಮಾಡಿ ಊರಿಗೆ ಬಂದವನು ನಾನು. ಇಂಥ ಜಗಳದಲ್ಲಿ ಮುಕ್ಕಾಲು ಪಾಲು ಲೆಟರ್ ಓದಿದ ಕೂಡಲೇ ಮುಗಿದು ಹೋಗುತ್ತೆ.

ಮಂಜಿನೂರು · 11.32

ಸರ್, ಟೈಪ್ ಮಾಡಿದ್ದೀನಿ. ಮೊದಲಿದ್ದ ಮ್ಯಾನೇಜರ್ ಎಲ್ಲಿಂದಲೋ ಕಾಪಿ ಮಾಡಿದ್ದು, ಇಂಗ್ಲಿಷಿನಲ್ಲಿದೆ, ಅರ್ಥ ಹೀಗೆ:

ಕಲಂ 6: "ನೀವು ಆರು ತಿಂಗಳ ಕಾಲ ಪ್ರೊಬೇಷನ್‌ನಲ್ಲಿರುತ್ತೀರಿ. ಈ ಅವಧಿಯಲ್ಲಿ ಸಂಸ್ಥೆಯು ಯಾವುದೇ ನೋಟಿಸ್ ನೀಡದೆ, ಕಾರಣ ತಿಳಿಸದೆ ನಿಮ್ಮ ಸೇವೆಯನ್ನು ಕೊನೆಗೊಳಿಸಬಹುದು."

ಕಲಂ 11: "ಸೇವೆ ಕಾಯಂ ಆದ ನಂತರ ಉಭಯ ಪಕ್ಷಗಳಲ್ಲಿ ಯಾರೇ ಆಗಲಿ 30 ದಿನಗಳ ಲಿಖಿತ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ನೀಡಿ ಸೇವೆಯನ್ನು ಕೊನೆಗೊಳಿಸಬಹುದು."

ಟೈಪ್ ಮಾಡ್ತಾ ಮಾಡ್ತಾನೇ ನನಗೆ ಹೊಳೀತು. "ಕಾಯಂ ಆದ ನಂತರ". ಇಷ್ಟು ದಿನ ಈ ಮೂರು ಪದ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಗೋಣಿಕೊಪ್ಪದ ಎಚ್‌ಆರ್ · 11.40

ಅಷ್ಟೇ. ಕಲಂ 11 ಅವನಿಗೆ ಅನ್ವಯಿಸೋದಿಲ್ಲ, ಯಾಕಂದ್ರೆ ಅವನು ಕಾಯಂ ಆಗಿಲ್ಲ. ಕಲಂ 6ರಲ್ಲಿ ನಿಮಗೆ ಮಾತ್ರ ಬಾಗಿಲು ತೆರೆದಿಟ್ಟುಕೊಂಡಿದ್ದೀರಿ, ಅವನು ಹೋಗೋದಾದರೆ ಏನು ಮಾಡಬೇಕು ಅಂತ ಬರೆದೇ ಇಲ್ಲ. ಬರೆಯದೇ ಇದ್ದದ್ದನ್ನ ಈಗ 30 ದಿನ ಅಂತ ಓದೋಕೆ ಆಗಲ್ಲ.

ನೀವೇ ಯೋಚಿಸಿ. ನವೆಂಬರ್‌ನಲ್ಲಿ ಅವನು ಸರಿಯಿಲ್ಲ ಅಂತ ಅನ್ನಿಸಿದ್ದರೆ ನಿಮ್ಮ ಓನರ್ ಅವತ್ತೇ ಸಂಜೆ ಕಳಿಸಿಬಿಡುತ್ತಿದ್ದರು, ನೋಟಿಸ್ ಪೇ ಅಂತ ಹತ್ತು ರೂಪಾಯಿ ಕೊಡುತ್ತಿರಲಿಲ್ಲ. ಅವನು ಮೂರು ದಿನ ಮೊದಲೇ ಹೇಳಿ, ಮೂರು ದಿನ ಡ್ಯೂಟಿಯನ್ನೂ ಮಾಡಿ ಹೋಗಿದ್ದಾನೆ.

ಹೋಂಸ್ಟೇ ಅಂಕಲ್ · 11.52

ಆದರೆ ನಮ್ಮ ಕರ್ನಾಟಕದ ಅಂಗಡಿ ಕಾಯ್ದೆಯಲ್ಲೇ ಒಂದು ತಿಂಗಳ ನೋಟಿಸ್ ಇದೆಯಲ್ಲ. ನಮ್ಮ ಸಂಘದ ಮೀಟಿಂಗ್‌ನಲ್ಲಿ ಯಾರೋ ಹೇಳಿದ್ದರು. ಲೆಟರ್‌ನಲ್ಲಿ ಇಲ್ಲದಿದ್ದರೆ ಏನಂತೆ, ಕಾಯ್ದೆ ಇದೆಯಲ್ಲ.

ಕರಿಕೋಟು · 12.30

ವಿರಾಜಪೇಟೆಯಲ್ಲಿ ವಕಾಲತ್ತು ಮಾಡುತ್ತೇನೆ, ಕಾರ್ಮಿಕ ವಿಷಯ ಆಗಾಗ ಬರುತ್ತೆ. ಇದು ಸಲಹೆ ಅಲ್ಲ, ಮಾತುಕತೆ ಅಂತಲೇ ತಗೊಳ್ಳಿ.

ಅಂಕಲ್ ಹೇಳಿದ್ದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ. ಅದು ಇರೋದು ಮಾಲೀಕನ ಕೈ ಕಟ್ಟೋಕೆ. ಆರು ತಿಂಗಳಿಗೆ ಕಡಿಮೆಯಿಲ್ಲದೆ ಸತತ ಸೇವೆ ಮಾಡಿದವನನ್ನು ಸಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯಬಾರದು ಅಂತ. ನೌಕರ ಬಿಡುವಾಗ ಒಂದು ತಿಂಗಳು ಕೊಡಬೇಕು ಅಂತ ಆ ಕಲಂ ಹೇಳುವುದಿಲ್ಲ. ನೌಕರನ ಕಡೆಯ ನೋಟಿಸ್ ಪೂರ್ತಿ ಕರಾರಿನ ವಿಷಯ. ಕರಾರೇ ಇಲ್ಲಿ ಬಾಯಿ ಮುಚ್ಚಿಕೊಂಡಿದೆ.

ಕರಾರಿನಲ್ಲಿ ಏನೂ ಇಲ್ಲದಾಗ "ಸಮಂಜಸ ನೋಟಿಸ್" ಅಂತ ಒಂದು ವಾದ ಹೂಡಬಹುದು. ಮೂರು ತಿಂಗಳ ಸೇವೆಗೆ ಅವನು ಮೂರು ದಿನ ಕೊಟ್ಟಿದ್ದಾನೆ. ಅದು ಸಾಲದು ಅಂತ ವಾದಿಸೋಕೆ ನನಗಂತೂ ಹುರುಪಿಲ್ಲ. ಜೊತೆಗೆ, ಕರಾರಿನಲ್ಲಿ ಅಸ್ಪಷ್ಟ ಇದ್ದರೆ ಅದನ್ನು ಬರೆದವರ ವಿರುದ್ಧವೇ ಓದೋದು ರೂಢಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಊಟ ಮಾಡಿ ಬಂದು ಬರೀತೀನಿ.

ತೋಟದ ರೈಟರ್ · 12.48

ವಕೀಲರು ಊಟಕ್ಕೆ ಹೋದ ಗ್ಯಾಪಲ್ಲಿ ನನ್ನದೊಂದು. ಸಿದ್ದಾಪುರ ಕಡೆ ತೋಟದಲ್ಲಿ 22 ವರ್ಷದಿಂದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೀತಿದ್ದೀನಿ. ನಮ್ಮಲ್ಲಿ ಪ್ರೊಬೇಷನ್ ಅಂದರೆ ಮೂರು ತಿಂಗಳು. 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಮಾದರಿ ನಿಯಮದಲ್ಲೂ ಹಾಗೇ ಇತ್ತು: ಮೂರು ತಿಂಗಳು ಮುಗಿಸದವನು ಪ್ರೊಬೇಷನರ್. ನೋಟಿಸ್ ಕೊಡಬೇಕಾದ್ದು ಕಾಯಂ ಕಾರ್ಮಿಕ, ತಿಂಗಳ ಸಂಬಳದವನಾದರೆ ಒಂದು ತಿಂಗಳು, ಬೇರೆಯವರಿಗೆ ಎರಡು ವಾರ. ಪ್ರೊಬೇಷನರ್‌ನನ್ನು ತೆಗೆದರೆ ಅವನಿಗೆ ನೋಟಿಸೂ ಇಲ್ಲ, ಅದರ ಬದಲು ದುಡ್ಡೂ ಇಲ್ಲ. ನಮ್ಮ ಹಳೇ ದೊರೆ, ಅಂದರೆ ಹಳೇ ಮ್ಯಾನೇಜರ್, ಅದನ್ನ ಎರಡೂ ಕಡೆಗೆ ಓದುತ್ತಿದ್ದರು. "ಮದುವೆ ಆಗೋಕೆ ಮುಂಚೆ ಜೀವನಾಂಶ ಕೇಳಬೇಡ" ಅನ್ನೋರು.

ಅಡ್ವಾನ್ಸ್ ವಿಷಯ ಮಾತ್ರ ಬೇರೆ. ಕುಯ್ಲು ಶುರುವಾಗೋ ಮುಂಚೆ ಅಡ್ವಾನ್ಸ್ ತಗೊಂಡು ಹೋದರೆ ಅದನ್ನ ಮುರ್ಕೋತೀವಿ, ಅದು ನಾವು ಕೊಟ್ಟ ದುಡ್ಡು. ನೋಟಿಸ್ ಪೇ ನಾವು ಕೊಟ್ಟ ದುಡ್ಡಲ್ಲ.

ಕಿತ್ತಳೆ ಸಿಪ್ಪೆ · 13.15

ಹುಡುಗನ ಕಡೆಯಿಂದ ಒಬ್ಬರಾದರೂ ಮಾತಾಡಬೇಕಲ್ಲ.

2023ರಲ್ಲಿ ನಾನು ಇದೇ ಜಿಲ್ಲೆಯ ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿ ಸೇರಿದ್ದೆ. ಅಮ್ಮನಿಗೆ ಹುಷಾರಿಲ್ಲದೆ ನಾಲ್ಕನೇ ತಿಂಗಳಲ್ಲಿ ಬಿಟ್ಟೆ. 19 ದಿನದ ಸಂಬಳ, ಟಿಪ್ಸ್ ಬಾಕ್ಸಿನ ಪಾಲು, ಎರಡೂ ಹೋಯ್ತು. ಕೇಳಿದ್ದಕ್ಕೆ "ನೀನೇ ನಮಗೆ ಆರು ಸಾವಿರ ಕೊಡಬೇಕು" ಅಂದರು. ರಿಲೀವಿಂಗ್ ಲೆಟರ್ ಕೊಡಲಿಲ್ಲ. ಸೇರುವಾಗ ಇಸ್ಕೊಂಡಿದ್ದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನ ಐದು ತಿಂಗಳು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಮಳೇಲಿ ಮೂರು ಸಲ ಬಸ್ ಹಿಡಿದು ಹೋಗಿದ್ದೀನಿ. ಪ್ರತಿ ಸಲ "ಸಾಹೇಬ್ರು ತೋಟಕ್ಕೆ ಹೋಗಿದಾರೆ". ಕೊನೆಗೆ ಕೈಗೆ ಬಂದಾಗ ಒಂದು ಮೂಲೆಗೆ ಬೂಷ್ಟು ಹಿಡಿದಿತ್ತು.

ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನೂ ಹಾಕಿರಲಿಲ್ಲ. ಕೊನೇ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ನಾವೇ ಯುಎಎನ್ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು ಅಂತ ಸೈಬರ್ ಸೆಂಟರ್ ಅಣ್ಣ ಹೇಳಿಕೊಟ್ಟರು.

ಮಂಜಿನೂರು ಅವರೇ, ನೀವು ಕೇಳಿ ತಿಳ್ಕೊಂಡು ಮಾಡ್ತಿದ್ದೀರಿ, ಅದೇ ದೊಡ್ಡದು. ಆದರೆ ಆ ಮೈನಸ್ ಶೀಟನ್ನ ಪ್ರಿಂಟ್ ಮಾಡಬೇಡಿ.

ಕರಿಕೋಟು · 14.10

ಕಿತ್ತಳೆ ಸಿಪ್ಪೆ ಅವರು ಹೇಳಿದ ಮಾರ್ಕ್ಸ್ ಕಾರ್ಡ್ ವಿಷಯ ಓದಿ ಊಟ ಮಾಡಿದ್ದೂ ಕಹಿಯಾಯಿತು. ಮೂಲ ದಾಖಲೆ ಒತ್ತೆ ಇಟ್ಟುಕೊಳ್ಳೋಕೆ ಯಾವ ಮಾಲೀಕನಿಗೂ ಹಕ್ಕಿಲ್ಲ. ಒಮ್ಮೆ ನೋಡಿ, ಜೆರಾಕ್ಸ್ ಇಟ್ಟುಕೊಂಡು, ಅವತ್ತೇ ವಾಪಸ್ ಕೊಡಬೇಕು.

ಈಗ ದೊಡ್ಡ ವಿಷಯ. ಹೋದ ತಿಂಗಳು, ನವೆಂಬರ್ 21ರಿಂದ, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ 2019ರ ವೇತನ ಸಂಹಿತೆ ನಮ್ಮ ಪ್ರಶ್ನೆಗೆ ನೇರ ತಗಲುತ್ತೆ. ಮೊದಲಿದ್ದ 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ದಾಟದ ಸಂಬಳದವರಿಗೆ ಮಾತ್ರ ಇತ್ತು, ಈಗ ಆ ಮಿತಿ ಇಲ್ಲ. ಹಳೇ ಕಾಯ್ದೆಯಲ್ಲಿ ಮಾಲೀಕ ತೆಗೆದರೆ ಮಾತ್ರ ಎರಡನೇ ಕೆಲಸದ ದಿನದೊಳಗೆ ಬಾಕಿ ಕೊಡಬೇಕಿತ್ತು. ಹೊಸ ಸಂಹಿತೆಯ 17ನೇ ಕಲಂನಲ್ಲಿ ರಾಜೀನಾಮೆಯನ್ನೂ ಸೇರಿಸಿದ್ದಾರೆ. ತೆಗೆದರೂ, ತಾನೇ ಬಿಟ್ಟರೂ, ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು.

ನಿಮ್ಮ ಹುಡುಗ 15ಕ್ಕೆ ಬಿಟ್ಟಿದ್ದಾನೆ. ಅಂದರೆ ನಾಳೆ, ಬುಧವಾರ. "ಫುಲ್ ಅಂಡ್ ಫೈನಲ್ (ಬಿಟ್ಟವನ ಕೊನೇ ಲೆಕ್ಕ) 45 ದಿನದಲ್ಲಿ" ಅನ್ನೋ ಹಳೇ ಪಾಠ ಮರೆತುಬಿಡಿ.

ಇನ್ನು ಮುರಿಯೋ ವಿಷಯ. 18ನೇ ಕಲಂನಲ್ಲಿ ಸಂಬಳದಿಂದ ಏನೇನು ಮುರಿಯಬಹುದು ಅಂತ ಒಂದು ಪಟ್ಟಿ ಇದೆ. ದಂಡ, ಗೈರುಹಾಜರಿ, ನೌಕರನ ಅಲಕ್ಷ್ಯದಿಂದಾದ ನಷ್ಟ, ಮನೆ ಬಾಡಿಗೆ, ಅಡ್ವಾನ್ಸ್, ಸಾಲ, ಆದಾಯ ತೆರಿಗೆ, ಪಿಎಫ್, ಹೀಗೆ. ನೋಟಿಸ್ ಪೇ ಅನ್ನೋ ತಲೆಬರಹವೇ ಆ ಪಟ್ಟಿಯಲ್ಲಿಲ್ಲ. ರೈಟರ್ ಅಣ್ಣ ಹೇಳಿದ ಅಡ್ವಾನ್ಸ್ ಇದೆ ನೋಡಿ, ಅವರ ಲೆಕ್ಕ ಸರಿಯಾಗಿದೆ. ಒಟ್ಟು ಕಡಿತ ಆ ಅವಧಿಯ ವೇತನದ ಅರ್ಧ ದಾಟಬಾರದು ಅಂತಲೂ ಇದೆ. ಹಾಗಾಗಿ ಮೈನಸ್ 10,839 ಅನ್ನೋದಕ್ಕೆ ಕಾಯ್ದೆಯಲ್ಲಿ ಜಾಗವೇ ಇಲ್ಲ.

ತಮಾಷೆ ಅಂದರೆ, ನೋಟಿಸ್ ಇಲ್ಲದೆ ಹೋದದ್ದಕ್ಕೆ ಕಡಿತ ಅನ್ನೋ ಮಾತು ಕಾಯ್ದೆಯಲ್ಲಿ ಬರೋದು ಒಂದೇ ಕಡೆ. ಹತ್ತು ಅಥವಾ ಹೆಚ್ಚು ಜನ ಒಟ್ಟುಗೂಡಿ, ಕರಾರಿನ ಪ್ರಕಾರ ಕೊಡಬೇಕಾದ ನೋಟಿಸ್ ಕೊಡದೆ, ಸಕಾರಣವಿಲ್ಲದೆ ಗೈರುಹಾಜರಾದರೆ ಎಂಟು ದಿನದ ವೇತನದವರೆಗೆ ಮುರಿಯಬಹುದು. ಇಲ್ಲಿ ಹೋದವನು ಒಬ್ಬನೇ.

ಹೋಂಸ್ಟೇ ಅಂಕಲ್ · 14.22

ಹಾಗಾದರೆ ಸುಪ್ರೀಂ ಕೋರ್ಟ್ ಈ ವರ್ಷ ಹೇಳಿದ್ದು? ಬ್ಯಾಂಕ್ ನೌಕರ ಬಿಟ್ಟು ಹೋದದ್ದಕ್ಕೆ ಎರಡು ಲಕ್ಷ ಕಟ್ಟಬೇಕು ಅಂತ ತೀರ್ಪು ಬಂದಿತ್ತಲ್ಲ, ಪೇಪರಲ್ಲಿ ನಾನೇ ಓದಿದ್ದೀನಿ.

ಕರಿಕೋಟು · 14.45

ಒಳ್ಳೇ ಪ್ರಶ್ನೆ ಅಂಕಲ್. ಅದು ವಿಜಯಾ ಬ್ಯಾಂಕ್ ಪ್ರಕರಣ, 2025ರ ಮೇ 14ರ ತೀರ್ಪು, ನಮ್ಮ ಕರ್ನಾಟಕ ಹೈಕೋರ್ಟ್‌ನಿಂದಲೇ ಹೋದದ್ದು. ಅಲ್ಲಿ ಕನಿಷ್ಠ ಮೂರು ವರ್ಷ ಕೆಲಸ ಮಾಡಬೇಕು, ಇಲ್ಲದಿದ್ದರೆ ಎರಡು ಲಕ್ಷ ಕಟ್ಟಬೇಕು ಅಂತ ನೇಮಕಾತಿ ಪತ್ರದಲ್ಲೇ ಸ್ಪಷ್ಟವಾಗಿತ್ತು. ಆತ ಸಹಿ ಹಾಕಿ ಬಾಂಡ್ ಕೊಟ್ಟಿದ್ದ, ಹಿರಿಯ ಹುದ್ದೆ. ಸರ್ಕಾರಿ ಬ್ಯಾಂಕು ಮತ್ತೆ ಒಬ್ಬನನ್ನು ತಗೊಳ್ಳಬೇಕಾದರೆ ಜಾಹೀರಾತು, ಆಯ್ಕೆ ಪ್ರಕ್ರಿಯೆ ಎಲ್ಲಾ ಮತ್ತೆ ಮಾಡಬೇಕು. ಆ ಖರ್ಚಿನ ಹಿನ್ನೆಲೆಯಲ್ಲಿ ಅದು ಹೊರೆಯಾದ ಷರತ್ತಲ್ಲ, ಕರಾರು ಕಾಯ್ದೆಯ 27ನೇ ಕಲಂಗೂ (ವೃತ್ತಿಗೆ ಅಡ್ಡಿಯಾಗುವ ಕರಾರು ಅಸಿಂಧು ಅನ್ನೋದು) ವಿರುದ್ಧವಲ್ಲ ಅಂದರು.

ಗಾಳಿಬೀಡು ರಸ್ತೆಯ ರೆಸಾರ್ಟ್‌ನಲ್ಲಿ ಇರೋದು ಕಲಂ 6. ಅದರಲ್ಲಿ ನೌಕರನ ಮೇಲೆ ಒಂದು ಷರತ್ತೂ ಇಲ್ಲ. ಇಲ್ಲದ ಷರತ್ತನ್ನು ಯಾವ ಕೋರ್ಟೂ ಎತ್ತಿ ಹಿಡಿಯಲ್ಲ.

ಷರತ್ತು ಇದ್ದರೂ ಕರಾರು ಕಾಯ್ದೆಯ 74ನೇ ಕಲಂ ಇದೆ: ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಅದರೊಳಗೆ ಸಮಂಜಸ ಪರಿಹಾರ. ನಾಳೆಯೇ ಬೇರೆ ಹುಡುಗ ಸಿಕ್ಕಿದರೆ ನಿಮಗಾದ ನಷ್ಟ ಎಷ್ಟು? ಅದನ್ನ ಪ್ರತ್ಯೇಕವಾಗಿ ಕೇಳಬಹುದು. ಆದರೆ ಕರಾರಿನ ಬಾಕಿ ಕೇಳೋದು ಬೇರೆ, ದುಡಿದ ಸಂಬಳದಿಂದ ತಾವೇ ಮುರಿದುಕೊಳ್ಳೋದು ಬೇರೆ.

ಹೋಂಸ್ಟೇ ಅಂಕಲ್ · 14.51

ಸರಿ, ಒಪ್ಪಿದೆ. ಆದರೂ ಆ ಕಡುಬಿನ ಸಿಟ್ಟು ಹೋಗಿಲ್ಲ.

ಲೆಕ್ಕದ ಪುಸ್ತಕ · 16.05

ಕುಶಾಲನಗರದಿಂದ. ಜಿಎಸ್‌ಟಿ, ಪಿಎಫ್ ಫೈಲಿಂಗ್ ಮಾಡಿಕೊಡ್ತೀನಿ. ಲೆಕ್ಕದ ಕಡೆ ನಾಲ್ಕು ಮಾತು.

ದಿನದ ಲೆಕ್ಕ: ನೀವು 31ರಿಂದ ಭಾಗಿಸಿದ್ದೀರಿ. 15ರಲ್ಲಿ ವಾರದ ರಜೆ ಎರಡು ದಿನ ಕಳೆದು 13 ದಿನಕ್ಕೆ 26ರ ಲೆಕ್ಕ ಹಾಕಿದರೆ 10,500 ಆಗುತ್ತೆ. ವ್ಯತ್ಯಾಸ 339 ರೂಪಾಯಿ. ಯಾವುದು ಸರಿ ಅಂತ ಕೇಳಬೇಡಿ. ತಿಂಗಳ ಸಂಬಳ ಕೊಡುವಾಗ, ಲಾಸ್ ಆಫ್ ಪೇ (ರಜೆಗೆ ಸಂಬಳ ಕಡಿತ) ಹಾಕುವಾಗ ಯಾವ ಲೆಕ್ಕ ಬಳಸ್ತೀರೋ ಬಿಡುವವನಿಗೂ ಅದೇ ಇರಲಿ. ರಜೆ ಹಾಕಿದಾಗ 26, ಬಿಟ್ಟು ಹೋದಾಗ 31 ಅಂತ ಅನುಕೂಲಕ್ಕೆ ತಕ್ಕ ಹಾಗೆ ಬದಲಾಯಿಸಿದರೆ ಇನ್‌ಸ್ಪೆಕ್ಟರ್ ಮುಂದೆ ಸಿಕ್ಕಿಬೀಳ್ತೀರಿ.

ಪಿಎಫ್: 15 ದಿನದ ಬೇಸಿಕ್ 7,258, ಅದರ ಶೇ. 12 ಅಂದರೆ 871. ವೃತ್ತಿ ತೆರಿಗೆ ಬರಲ್ಲ, 25,000ದಿಂದ ಮೇಲಿನವರಿಗೆ ಮಾತ್ರ. ಪಿಎಫ್ ಖಾತೆಯಲ್ಲಿರೋ ದುಡ್ಡನ್ನು ನೋಟಿಸ್ ಪೇಗೆ ಹೊಂದಿಸ್ತೀವಿ ಅಂತ ಒಬ್ಬರು ಕೇಳಿದ್ದರು, ಅದಕ್ಕೆ ಕೈ ಹಾಕಲೇಬೇಡಿ. ಮಾಲೀಕ ಬಿಡಿ, ಕೋರ್ಟಿನ ಜಪ್ತಿಗೂ ಅದು ಸಿಗಲ್ಲ.

ಜಿಎಸ್‌ಟಿ: ಇದು ನಿಮ್ಮ ಕೇಸಿಗೆ ಬೇಡ, ಆದರೆ ಬೇರೆಯವರಿಗೆ ಉಪಯೋಗ ಆಗಬಹುದು. ನೋಟಿಸ್ ಪೇ ವಸೂಲು ಮಾಡಿದರೆ ಅದರ ಮೇಲೆ ಶೇ. 18 ಜಿಎಸ್‌ಟಿ ಅಂತ ಕೆಲವರು ಹಾಕ್ತಿದ್ದರು. 2022ರ ಆಗಸ್ಟ್ 3ರ 178ನೇ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸ್ಪಷ್ಟ ಮಾಡಿದೆ: ಅದು ನೌಕರ ಹಠಾತ್ತಾಗಿ ಬಿಡದಿರಲಿ ಅನ್ನೋ ತಡೆ, ಸೇವೆಗೆ ಕೊಟ್ಟ ಪ್ರತಿಫಲ ಅಲ್ಲ, ತೆರಿಗೆ ಇಲ್ಲ. ಇವತ್ತಿಗೂ ಹಳೇ ಸಾಫ್ಟ್‌ವೇರ್ ಟೆಂಪ್ಲೇಟಿನಲ್ಲಿ ಆ 18 ಕೂತಿರುತ್ತೆ, ನೋಡಿಕೊಳ್ಳಿ.

ಟಿಪ್ಸ್ ಬಾಕ್ಸ್: ಅದು ಸಂಸ್ಥೆಯ ದುಡ್ಡೇ ಅಲ್ಲ. ಗೆಸ್ಟ್ ಕೊಟ್ಟದ್ದು. 15ರವರೆಗಿನ ಪಾಲು ಕೊಟ್ಟುಬಿಡಿ.

ಮಂಜಿನೂರು · 17.30

ಎಲ್ಲಾ ಓದಿದೆ. ಕರಿಕೋಟು ಸರ್, "ನಾಳೆ" ಅಂದದ್ದು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಓನರ್ ಹತ್ತಿರ ಈಗಷ್ಟೇ ಮಾತಾಡಿದೆ. ಒಪ್ಪಲಿಲ್ಲ. "ಅವನು ಎಲ್ಲಿಗೆ ಹೋಗಿ ದೂರು ಕೊಡ್ತಾನೆ, ಮೈಸೂರಿಂದ ಬರ್ತಾನಾ?" ಅಂದರು. ಅವರ ಭಯ ದುಡ್ಡಿನದಲ್ಲ, ಇವನಿಗೆ ಕೊಟ್ಟರೆ ಉಳಿದ 25 ಜನಾನೂ ಸೀಸನ್‌ನಲ್ಲಿ ಹೀಗೇ ಮಾಡ್ತಾರೆ ಅಂತ. ಅದೂ ಪೂರ್ತಿ ಸುಳ್ಳಲ್ಲ.

ಕರಿಕೋಟು · 18.02

ಮೈಸೂರಿನಿಂದ ಬರೋಕೆ ಎರಡೂವರೆ ಮೂರು ಗಂಟೆ. ಅರ್ಜಿಗೆ ಮೂರು ವರ್ಷ ಸಮಯ ಇದೆ. ಅರ್ಜಿ ಕೇಳುವ ಪ್ರಾಧಿಕಾರಕ್ಕೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಆದೇಶಿಸುವ ಅಧಿಕಾರ ಇದೆ. ಹತ್ತು ಸಾವಿರ ಉಳಿಸೋಕೆ ಹೋಗಿ ಲಕ್ಷದ ಮಾತು ಯಾಕೆ. ಓನರ್‌ಗೆ ಇದೊಂದು ಸಾಲು ತೋರಿಸಿ.

ಗೋಣಿಕೊಪ್ಪದ ಎಚ್‌ಆರ್ · 18.40

ಓನರ್ ಭಯಕ್ಕೆ ಉತ್ತರ ಈ ಹುಡುಗನ ಸಂಬಳದಲ್ಲಿಲ್ಲ, ಮುಂದಿನ ಲೆಟರ್‌ನಲ್ಲಿದೆ. ಪ್ರೊಬೇಷನ್‌ಗೆ ಪ್ರತ್ಯೇಕ ನೋಟಿಸ್ ಬರೀರಿ, ಎರಡೂ ಕಡೆಗೆ ಒಂದೇ ಅಳತೆ. ನಾನಾಗಿದ್ದರೆ ಏಳು ದಿನ ಇಡ್ತೀನಿ. ಹೀಗೆ:

"ಪ್ರೊಬೇಷನ್ ಅವಧಿಯಲ್ಲಿ ಉಭಯ ಪಕ್ಷಗಳಲ್ಲಿ ಯಾರೇ ಆಗಲಿ 7 ದಿನಗಳ ಲಿಖಿತ ನೋಟಿಸ್ ನೀಡಿ ಸೇವೆ ಕೊನೆಗೊಳಿಸಬಹುದು. ನೋಟಿಸ್ ಕಡಿಮೆಯಾದಷ್ಟು ದಿನಗಳಿಗೆ ಮಾತ್ರ, ಮೂಲ ವೇತನದ ದರದಲ್ಲಿ, ಕೊಡಬೇಕಾದವರು ಕೊಡತಕ್ಕದ್ದು. ಇಮೇಲ್ ಮತ್ತು ವಾಟ್ಸಾಪ್ ಸಂದೇಶ ಲಿಖಿತ ನೋಟಿಸ್ ಎಂದೇ ಪರಿಗಣಿಸಲ್ಪಡುತ್ತದೆ."

ಇದರಲ್ಲಿ ಮೂರು ಕಡೆ ಗಮನ ಇರಲಿ. "ಕಡಿಮೆಯಾದಷ್ಟು ದಿನ". ಏಳರಲ್ಲಿ ಮೂರು ದಿನ ಕೊಟ್ಟವನಿಗೆ ನಾಲ್ಕೇ ದಿನದ ಲೆಕ್ಕ. ಓನರ್ ಈಗ ಹೇಳಿದ್ದು 30 ದಿನ, ಅವನು ಕೆಲಸ ಮಾಡಿದ ಮೂರು ದಿನವನ್ನೂ ಕಳೆದಿಲ್ಲ ನೋಡಿ. ಎರಡನೇದು, ಬೇಸಿಕ್ಕೋ ಗ್ರಾಸೋ (ಒಟ್ಟು ಸಂಬಳವೋ) ಅಂತ ಬರೆಯದೆ ಬಿಟ್ಟರೆ ಜಗಳ ಖಾತ್ರಿ. ಮೂರನೇದು ವಾಟ್ಸಾಪ್. "ಲೆಟರ್ ಕೈಗೆ ಕೊಟ್ಟಿಲ್ಲ, ರಾಜೀನಾಮೆಯೇ ಆಗಿಲ್ಲ" ಅನ್ನೋ ಆಟ ನಾನು ಬೇಕಾದಷ್ಟು ನೋಡಿದ್ದೀನಿ.

ತೋಟದ ರೈಟರ್ · 18.55

ಏಳು ದಿನ ರೆಸಾರ್ಟಿಗೆ ಸಾಲುತ್ತಾ? ಸೀಸನ್‌ಗೆ ಹದಿನೈದಾದರೂ ಬೇಡವಾ?

ಗೋಣಿಕೊಪ್ಪದ ಎಚ್‌ಆರ್ · 19.20

ಹದಿನೈದು ಇಡಬಹುದು, ತಪ್ಪಿಲ್ಲ. ಆದರೆ ಬಿಡ್ತೀನಿ ಅಂತ ಮನಸ್ಸು ಮಾಡಿದವನನ್ನು ಹದಿನೈದು ದಿನ ಫ್ರಂಟ್ ಡೆಸ್ಕ್‌ನಲ್ಲಿ ಕೂರಿಸೋದು ಅಂದರೆ ನನಗೆ ಅಷ್ಟು ಖುಷಿ ಇಲ್ಲ. ಮಳೇಲಿ ನೆನೆದು, ಘಾಟ್ ಹತ್ತಿ, ಎರಡು ಮಕ್ಕಳನ್ನ ಎತ್ತಿಕೊಂಡು ಬಂದ ಗೆಸ್ಟ್‌ಗೆ ಅವನು ಹೇಳೋ "ವೆಲ್‌ಕಮ್" ಹೇಗಿರುತ್ತೆ ಯೋಚಿಸಿ. ಅಂಥವನನ್ನ ಮೂರು ದಿನ ಹ್ಯಾಂಡೋವರ್‌ಗೆ ಇಟ್ಟುಕೊಂಡು ಕಳಿಸೋದು ಒಳ್ಳೇದು. ನೋಟಿಸ್‌ನಿಂದ ನಿಮಗೆ ಬೇಕಾಗಿರೋದು ಹ್ಯಾಂಡೋವರ್. ದುಡ್ಡು ಅಲ್ಲ.

ಇನ್ನೊಂದು. ನಾಳೆ ಪೂರ್ತಿ ಕೊಟ್ಟು, ಜೊತೆಗೆ ಆ ಹುಡುಗನಿಗೆ ಒಂದು ಫೋನ್ ಮಾಡಿ. ಬೆದರಿಸಬೇಡಿ. "24ರ ಬುಕಿಂಗ್ ಲಿಸ್ಟ್ ಯಾರಿಗೂ ಗೊತ್ತಾಗ್ತಿಲ್ಲ ಮಾರಾಯ, ಒಂದು ದಿನ ಬಂದು ಹೇಳಿಕೊಟ್ಟು ಹೋಗ್ತೀಯಾ, ಆ ದಿನದ ಸಂಬಳ, ಬಸ್ ಚಾರ್ಜ್ ಕೊಡ್ತೀವಿ" ಅಂತ ಕೇಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಜನ ಬರ್ತಾರೆ. ಸಂಬಳ ಹಿಡಿದಿಟ್ಟವರ ಫೋನ್ ಮಾತ್ರ ಯಾರೂ ಎತ್ತಲ್ಲ.

ಮಂಜಿನೂರು · 18 ಡಿಸೆಂಬರ್, ರಾತ್ರಿ 9.15

ಅಪ್‌ಡೇಟ್. ನಿನ್ನೆ ಮಧ್ಯಾಹ್ನ ಓನರ್‌ಗೆ ಹತ್ತು ಪಟ್ಟಿನ ಸಾಲು ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದರು. "ಕೊಟ್ಟು ಕಳಿಸಿ" ಅಂದರು, ಅಷ್ಟೇ, ನನ್ನ ಮುಖ ನೋಡಲಿಲ್ಲ. ನಮ್ಮಲ್ಲಿ ಯಾವಾಗಲೂ 31ರ ಲೆಕ್ಕವೇ, ಅದಕ್ಕೇ 10,161. ಪಿಎಫ್ 871 ಕಳೆದು 9,290. ಟಿಪ್ಸ್ ಪಾಲು 640. ಒಟ್ಟು 9,930 ಸಂಜೆ ಐದಕ್ಕೆ ಅವನ ಖಾತೆಗೆ ಹಾಕಿದೆ. ರಿಲೀವಿಂಗ್ ಲೆಟರ್ ಪಿಡಿಎಫ್ ಕಳಿಸಿದೆ. ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಈ ತಿಂಗಳ ಚಲನ್ ಆದ ಮೇಲೆ ಹಾಕ್ತೀನಿ, ಡೈರಿಯಲ್ಲಿ ಬರೆದಿಟ್ಟಿದ್ದೀನಿ.

ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ದುಡ್ಡು ಬಿದ್ದ ಮೆಸೇಜ್ ಹೋಗಿ ಹತ್ತು ನಿಮಿಷಕ್ಕೆ ಅವನೇ ಮಾಡಿದ. ಇವತ್ತು ಬೆಳಿಗ್ಗೆ ಸುಂಟಿಕೊಪ್ಪದ ಅವನ ಮನೆಯಿಂದ ಬಂದ, ಮೈಸೂರಿಗೆ ಸೋಮವಾರ ಸೇರೋದಂತೆ. ಯೂನಿಫಾರ್ಮ್ ಎರಡು ಜೊತೆ ಇಸ್ತ್ರಿ ಮಾಡಿ ಪೇಪರ್‌ನಲ್ಲಿ ಸುತ್ತಿ ತಂದಿದ್ದ, ಮೇಲೆ ಸ್ಟಾಫ್ ರೂಮಿನ ಕೀ. ಆ ಕೀ ಅವನ ಹತ್ತಿರ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. 24ರಿಂದ ಬರೋ ಗೆಸ್ಟ್‌ಗಳಲ್ಲಿ ಯಾರು ಅಡ್ವಾನ್ಸ್ ಹಾಕಿದ್ದಾರೆ, ಯಾರು ಬರೀ ಬಾಯಿ ಮಾತು, ಯಾವ ಟ್ರಾವೆಲ್ ಏಜೆಂಟ್ ಕೊನೇ ಗಳಿಗೆಯಲ್ಲಿ ಕೈಕೊಡ್ತಾನೆ, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿತ್ತು. ಮೂರು ಡಬಲ್ ಬುಕಿಂಗ್ ಅವನೇ ತೋರಿಸಿಕೊಟ್ಟ. ಓನರ್ ಒಳಗಿಂದ ಎರಡು ಲೋಟ ಕಾಫಿ ಕಳಿಸಿದರು. ತಾವು ಮಾತ್ರ ಹೊರಗೆ ಬರಲಿಲ್ಲ.

ಕಿತ್ತಳೆ ಸಿಪ್ಪೆ · 9.24

ಆ ಮೂರು ಡಬಲ್ ಬುಕಿಂಗ್ ಎಷ್ಟಕ್ಕೆ ಬರ್ತಿತ್ತು ಅಂತ ಓನರ್‌ಗೆ ಲೆಕ್ಕ ಹಾಕಿ ಕೊಡಿ ಮೇಡಂ. 😄

ಹೋಂಸ್ಟೇ ಅಂಕಲ್ · 9.31

ಆ ಹುಡುಗನಿಗೆ ಅಡುಗೆ ಬರುತ್ತಾ ಕೇಳಿ.

ಮಂಜಿನೂರು · 20 ಡಿಸೆಂಬರ್, ಬೆಳಿಗ್ಗೆ 11.10

ಹೊಸ ಹುಡುಗಿ ಜನವರಿ 2ಕ್ಕೆ ಸೇರ್ತಾಳೆ. ಎಚ್‌ಆರ್ ಸರ್ ಕೊಟ್ಟ ಸಾಲುಗಳನ್ನ ಕಲಂ 6ಕ್ಕೆ ಹಾಕಿ, ಓನರ್ ಹತ್ತಿರ ಜಗಳ ಮಾಡಿ ಏಳು ದಿನಕ್ಕೆ ಒಪ್ಪಿಸಿದ್ದೀನಿ. ಕರಡು ಲಗತ್ತಿಸಿದ್ದೀನಿ, ಒಮ್ಮೆ ಕಣ್ಣಾಡಿಸಿ. ಕನ್ನಡದಲ್ಲೇ ಮಾಡಿದ್ದೀನಿ ಈ ಸಲ.

ಕರಿಕೋಟು · 11.48

ಕಲಂ 6 ಸರಿ ಇದೆ. ಕಲಂ 9ರಲ್ಲಿ "ಮೂಲ ಅಂಕಪಟ್ಟಿಗಳನ್ನು ಸಂಸ್ಥೆಯ ವಶದಲ್ಲಿ ಇಡತಕ್ಕದ್ದು" ಅಂತ ಹಾಗೇ ಉಳಿದಿದೆ, ಹಳೇದರಿಂದ ಬಂದದ್ದು ಇರಬೇಕು.

ಮಂಜಿನೂರು · 11.55

ಅಯ್ಯೋ, ಹೌದು. ತೆಗೆದೆ ಸರ್. ಬೀರುವಿನಲ್ಲಿ ನಾಲ್ಕು ಜನರದ್ದು ಇವೆ, ಇವತ್ತೇ ಸಹಿ ಹಾಕಿಸಿಕೊಂಡು ವಾಪಸ್ ಕೊಡ್ತೀನಿ.